ತುಕ್ಕು ಹಿಡಿದ ಪುಲ್ಲಿಯನ್ನು ಬಿಡಿಸುವ ಬಗೆ



ಯಲಹಂಕ, ಜಾಲ, ಹೆಸರಘಟ್ಟದ ಕಡೆ ಹೊಲಗಳು ಕಡಿಮೆಯಾಗಿ ಮನೆಗಳು ಹೆಚ್ಚುತ್ತಿರುವುದು ತಮಗೆಲ್ಲ ಗೊತ್ತೇ ಇದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಹೇಳಬೇಕಾದ್ದೇ ಇಲ್ಲ. ಆದರೂ ಎರಡು ಸೀಮೆ ಹಸು ಕಟ್ಟಿ ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಸಂಸಾರಗಳು ಇನ್ನೂ ಇವೆ. ಇಂಥ ಮನೆಗಳಲ್ಲಿ ಮೇವು ಕತ್ತರಿಸುವ ಯಂತ್ರ ಇದ್ದರೆ ಎಷ್ಟು ಅನುಕೂಲ! ಸೀಮೆ ಹುಲ್ಲನ್ನೋ ಜೋಳದ ದಂಟನ್ನೋ ಹಾಗೇ ಹಾಕಿದರೆ ಹಸು ಎಲೆ ತಿಂದು ದಪ್ಪ ಕಡ್ಡಿಯನ್ನು ತುಳಿದು ಹಾಳುಮಾಡುತ್ತದೆ. ಕತ್ತರಿಸಿ ಹಾಕಿದರೆ ಬುಡವೂ ಹೊಟ್ಟೆಗೆ ಸೇರುತ್ತದೆ.

ಇನ್ನು ಕೆಲವರ ಹಿತ್ತಿಲಲ್ಲಿ ಹಳೇ ಯಂತ್ರವೊಂದು ಮಳೆ ನೀರು ಕುಡಿಯುತ್ತಾ ನಿಂತಿರುತ್ತದೆ. ಗುಜರಿಯವನು ಬಂದು ತೂಕಕ್ಕೆ ಕೇಳುತ್ತಾನೆ. ಕೊಡುವ ಮುಂಚೆ ಸ್ವಲ್ಪ ಯೋಚಿಸಿ. ಬೀಡು ಕಬ್ಬಿಣದ ಆ ಚೌಕಟ್ಟು, ಆ ದೊಡ್ಡ ಚಕ್ರ ಸುಲಭವಾಗಿ ಕೆಡುವಂಥವಲ್ಲ. ಕೆಟ್ಟಿರುವುದು ಬಹುಮಟ್ಟಿಗೆ ಬೇರಿಂಗು, ಬೆಲ್ಟು, ಅಲಗು. ಆದರೆ ಬೇರಿಂಗು ಬದಲಾಯಿಸಬೇಕಾದರೆ ಮೊದಲು ಶಾಫ್ಟಿನ ಮೇಲಿರುವ ಪುಲ್ಲಿಯನ್ನು ಕಳಚಬೇಕು. ಅಲ್ಲಿಗೆ ಬಂದು ಕೆಲಸ ನಿಲ್ಲುತ್ತದೆ. ಪುಲ್ಲಿ ಅಲ್ಲಾಡುವುದೇ ಇಲ್ಲ. ಆಗ ಸುತ್ತಿಗೆ ತಗೊಂಡು ಅಂಚಿಗೆ ನಾಲ್ಕು ಬಿಟ್ಟರೆ ಪುಲ್ಲಿ ಎರಡು ಹೋಳು. ಶಾಫ್ಟೂ ಬಗ್ಗಿದರೆ ಯಂತ್ರ ನಿಜವಾಗಿಯೂ ಗುಜರಿಗೇ.

ಅದು ಹಿಡಿದುಕೊಳ್ಳುವುದಾದರೂ ಯಾಕೆ? ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಪುಲ್ಲಿಗೂ ಶಾಫ್ಟಿಗೂ ನಡುವೆ ಇರುವ ಕೂದಲೆಳೆಯಂಥ ಸಂದಿಯಲ್ಲಿ ತುಕ್ಕು ಉಬ್ಬಿ ಬಿಗಿದುಕೊಂಡಿರುತ್ತದೆ. ಬೀಡು ಕಬ್ಬಿಣ ಅದುಮುವುದನ್ನು ತಾಳುತ್ತದೆ, ಹೊಡೆತವನ್ನೂ ಎಳೆತವನ್ನೂ ತಾಳುವುದಿಲ್ಲ. ಹಾಗಾಗಿ ಇಲ್ಲಿ ಬಲಕ್ಕಿಂತ ತಾಳ್ಮೆಯೇ ಹೆಚ್ಚು ಕೆಲಸ ಮಾಡುತ್ತದೆ.

ಮೊದಲು ಕರೆಂಟು. ಸ್ವಿಚ್ಚು ಆರಿಸಿದರೆ ಸಾಲದು; ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಿ, ಮನೆಯವರಿಗೂ ಹೇಳಿ. ಬೆಲ್ಟು ಕಳಚಿ. ಅಲಗುಗಳನ್ನು ಬಿಚ್ಚಿ ದೂರ ಇಡಿ. ಪುಲ್ಲಿ ತಿರುಗಿಸಿದರೆ ಚಕ್ರವೂ ತಿರುಗುತ್ತದೆ, ಅಲಗು ಕೈಯನ್ನು ಹುಡುಕಿಕೊಂಡು ಬರುತ್ತದೆ. ಚಕ್ರದ ಕಡ್ಡಿಗಳ ನಡುವೆ ಮರದ ತುಂಡು ಕೊಟ್ಟು ಅಲುಗದಂತೆ ಮಾಡಿ.

ಆಮೇಲೆ ಪುಲ್ಲಿಯ ಗುಂಭವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಚೆನ್ನಾಗಿ ನೋಡಿ. ಎಣ್ಣೆ ಮಣ್ಣಿನ ಕೆಳಗೆ ಸಣ್ಣ ತಿರುಪು ಅಡಗಿರುತ್ತದೆ, ಅದನ್ನು ಬಿಚ್ಚಿ. ಎಷ್ಟೋ ಕಡೆ ಒಂದೇ ತೂತಿನಲ್ಲಿ ಒಂದರ ಕೆಳಗೆ ಇನ್ನೊಂದು ತಿರುಪು ಇರುತ್ತದೆ. ಮೇಲಿನದು ಬಂತು ಅಂತ ಬಿಡದೆ ಕಡ್ಡಿ ಹಾಕಿ ಆಳ ನೋಡಿ. ಶಾಫ್ಟಿಗೂ ಪುಲ್ಲಿಗೂ ನಡುವೆ ಬೆಣೆ ಇರುತ್ತದೆ. ಅದಕ್ಕೆ ಹೊರಗೆ ತಲೆ ಇದ್ದರೆ, ತಲೆಗೂ ಗುಂಭಕ್ಕೂ ನಡುವೆ ಉಳಿ ಕೊಟ್ಟು ಮೊದಲು ಅದನ್ನು ಎಬ್ಬಿಸಬೇಕು. ತಲೆ ಇಲ್ಲದ ಚೌಕ ಬೆಣೆಯಾದರೆ ಪುಲ್ಲಿ ಅದರ ಮೇಲೆಯೇ ಜಾರಿ ಬರುತ್ತದೆ. ಕೆಲವು ಹೊಸ ಬಗೆಯ ಪುಲ್ಲಿಗಳ ನಡುವೆ ಸೀಳಿದ ಬುಷ್ ಇರುತ್ತದೆ. ಅದರ ತಿರುಪುಗಳನ್ನು ತೆಗೆದು, ಒಂದನ್ನು ಖಾಲಿ ಇರುವ ತೂತಿಗೆ ಹಾಕಿ ಬಿಗಿದರೆ ಬುಷ್ ತಾನೇ ಸಡಿಲವಾಗುತ್ತದೆ.

ಪುಲ್ಲಿಯ ಹೊರಗೆ ಚಾಚಿರುವ ಶಾಫ್ಟಿನ ತುದಿಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ತಿರುಪು ಕೊರೆದ ಗಾಯ ಎದ್ದಿದ್ದರೆ ಅರದಿಂದ ತೇಯಿರಿ. ಪುಲ್ಲಿ ದಾಟಿ ಬರಬೇಕಾದ ದಾರಿ ಅದೇ. ತುಕ್ಕು ಬಿಡಿಸುವ ಎಣ್ಣೆ ಪೇಟೆಯಲ್ಲಿ ಡಬ್ಬಿಯಲ್ಲಿ ಸಿಗುತ್ತದೆ; ಇಲ್ಲದಿದ್ದರೆ ಡೀಸೆಲ್ಲೂ ಆಗುತ್ತದೆ, ಸ್ವಲ್ಪ ನಿಧಾನ. ಸಂಜೆ ಹಾಲು ಕರೆದ ಮೇಲೆ ಸಂದಿಗೂ ತಿರುಪಿನ ತೂತಿಗೂ ಎಣ್ಣೆ ಬಿಡಿ, ಗುಂಭದ ಸುತ್ತ ಚಿಕ್ಕ ಸುತ್ತಿಗೆಯಿಂದ ಬಾಗಿಲು ತಟ್ಟಿದ ಹಾಗೆ ಮೆಲ್ಲಗೆ ತಟ್ಟಿ. ಬೆಳಗ್ಗೆ ಮತ್ತೆ ಬಿಡಿ. ಹೀಗೆ ಎರಡು ಮೂರು ದಿನ ಆದರೂ ನಷ್ಟವಿಲ್ಲ.

ಇನ್ನು ಎಳೆಯುವ ಕೆಲಸ. ಮೂರು ಕಾಲಿನ ಪುಲ್ಲರ್ ಪಂಪ್‌ಸೆಟ್ ರಿಪೇರಿಯವರ ಹತ್ತಿರ ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ಅದರ ಕೊಕ್ಕೆಗಳು ಗುಂಭದ ಹಿಂದೆ ಕೂರಬೇಕು, ಅಂಚಿನ ಹಿಂದೆ ಅಲ್ಲ. ಗುಂಭಕ್ಕೆ ಕೊಕ್ಕೆ ಸಿಗದಿದ್ದರೆ ಪುಲ್ಲಿಯ ಹಿಂದೆ ಎರಡು ದಪ್ಪ ಉಕ್ಕಿನ ಪಟ್ಟಿ ಕೊಟ್ಟು ಅವನ್ನು ಎಳೆಯಿರಿ. ನಡುವಿನ ತಿರುಪು ಶಾಫ್ಟಿನ ತುದಿಯನ್ನು ಕೊರೆಯದಂತೆ ಒಂದು ಉಕ್ಕಿನ ಬಿಲ್ಲೆ ಇಡಿ. ಸೆಟೆದು ನಿಲ್ಲುವವರೆಗೆ ಬಿಗಿದು, ಇನ್ನೂ ಬಿಗಿಯುವ ಆಸೆ ಬಿಟ್ಟು, ತಿರುಪಿನ ತಲೆಗೆ ಒಂದು ನೇರ ಪೆಟ್ಟು ಕೊಡಿ. ಬರದಿದ್ದರೆ ಬಿಗಿದ ಹಾಗೇ ರಾತ್ರಿ ಬಿಡಿ. ಟಕ್ ಅಂತ ಶಬ್ದ ಬಂದರೆ ಗೆದ್ದಂತೆ. ಎದುರಿಗೆ ಮಾತ್ರ ನಿಲ್ಲಬೇಡಿ. ಕೊಕ್ಕೆ ಜಾರಿದರೆ ಮುಖಕ್ಕೇ ಬರುತ್ತದೆ.

ಅದಕ್ಕೂ ಬಗ್ಗದಿದ್ದರೆ ಬೆಂಕಿ. ಎತ್ತಿನ ಗಾಡಿಯ ಗಾಲಿಗೆ ಕಮ್ಮಾರರು ಪಟ್ಟೆ ಕೂಡಿಸುವುದನ್ನು ಹಿರಿಯರು ನೋಡಿದ್ದೀರಿ. ಕಾಯಿಸಿದಾಗ ಪಟ್ಟೆ ಹಿಗ್ಗುತ್ತದೆ, ಆರಿದಾಗ ಕಚ್ಚುತ್ತದೆ. ಇಲ್ಲಿ ನಮಗೆ ಬೇಕಾದ್ದು ಆ ಹಿಗ್ಗು. 25 ಮಿಲಿಮೀಟರ್ ತೂತಿನ ಗುಂಭವನ್ನು 150 ಡಿಗ್ರಿ ಏರುವಷ್ಟು ಕಾಯಿಸಿದರೆ ತೂತು ಸುಮಾರು 0.04 ಮಿಲಿಮೀಟರ್ ಅಗಲವಾಗುತ್ತದೆ. ತಲೆಗೂದಲಿನ ಅರ್ಧ ದಪ್ಪ ಅಷ್ಟೇ, ಆದರೆ ತುಕ್ಕಿನ ಹಿಡಿತ ಬಿಡಿಸಲು ಸಾಕಾಗುತ್ತದೆ. ಕಾವು ಎಷ್ಟಾಯಿತು ಅನ್ನುವುದನ್ನು ತಾಯಂದಿರು ಹೇಳಬಲ್ಲರು: ಎರಡು ಹನಿ ನೀರು ಚಿಮುಕಿಸಿದರೆ ದೋಸೆ ಹೆಂಚಿನ ಮೇಲಿನಂತೆ ಚುಯ್ ಎಂದು ಓಡಾಡಬೇಕು. ಕೆಂಪಗೆ ಕಾಯಿಸಬೇಡಿ. ಜ್ವಾಲೆಯನ್ನು ಗುಂಭದ ಸುತ್ತ ಆಡಿಸಿ, ಶಾಫ್ಟಿಗೆ ಹಿಡಿಯಬೇಡಿ. ಶಾಫ್ಟೂ ಕಾದರೆ ಎರಡೂ ಹಿಗ್ಗಿ ಶ್ರಮ ವ್ಯರ್ಥ. ಪುಲ್ಲರ್ ಮೊದಲೇ ಬಿಗಿದಿರಲಿ.

ಒಂದು ಎಚ್ಚರಿಕೆ. ನೆನೆಸಿದ ಎಣ್ಣೆಯನ್ನು ಪೂರ್ತಿ ಒರೆಸಿ ಆರಿಸಿದ ಮೇಲಷ್ಟೇ ಬೆಂಕಿ ಹಚ್ಚಿ. ಯಂತ್ರವನ್ನು ಕೊಟ್ಟಿಗೆಯಿಂದ, ಮೆದೆಯಿಂದ ದೂರ ಬಯಲಿಗೆ ತನ್ನಿ, ಮರಳಿನ ಬಕೆಟ್ಟು ಪಕ್ಕದಲ್ಲಿರಲಿ. ಕಾದ ಬೀಡಿನ ಮೇಲೆ ನೀರು ಸುರಿದರೆ ಸೀಳುತ್ತದೆ. ಹನಿ ಪರೀಕ್ಷೆ ಬೇರೆ, ಬಕೆಟ್ಟು ಸುರಿಯುವುದು ಬೇರೆ.

ಬಿಡಿಸಿದ ಮೇಲೆ ಶಾಫ್ಟು ಉಜ್ಜಿ, ಬೇರಿಂಗು ಹಾಕಿ, ತೆಳ್ಳಗೆ ಗ್ರೀಸು ಸವರಿ ಪುಲ್ಲಿ ಕೂಡಿಸಿ. ಮುಂದಿನ ಸಲ ಕೈಯಲ್ಲೇ ಬಂದೀತು. ಮೋಟರಿನ ಪುಲ್ಲಿಗೂ ಯಂತ್ರದ ಪುಲ್ಲಿಗೂ ಅಡ್ಡಲಾಗಿ ದಾರ ಹಿಡಿದರೆ, ಎರಡರ ಅಂಚೂ ಒಂದೇ ಅಗಲದ್ದಾದರೆ, ದಾರ ನಾಲ್ಕು ಕಡೆ ತಾಕಬೇಕು. ಬೆಲ್ಟನ್ನು ನಡುವೆ ಬೆರಳಿನಿಂದ ಒತ್ತಿದಾಗ ಎರಡು ಪುಲ್ಲಿಗಳ ನಡುವಣ ಒಂದು ಮೀಟರಿಗೆ 15ರಿಂದ 16 ಮಿಲಿಮೀಟರ್ ತಗ್ಗಿದರೆ ಹದ. ತೋಟದ ಹುಲ್ಲು ಕೊಯ್ಯುವ ಯಂತ್ರದ ಪುಲ್ಲಿಗೂ ಇದೇ ಕ್ರಮ. ಅದು ಅಲ್ಯೂಮಿನಿಯಂ ಆಗಿದ್ದರೆ ಮಾತ್ರ ಬೆಂಕಿ ಬಹಳ ಹಗುರವಾಗಿರಲಿ, ಆ ಲೋಹ ಕೆಂಪಗಾಗದೆಯೇ ಕರಗಿಬಿಡುತ್ತದೆ.

ಕೊನೆಗೆ, ಬೆಲ್ಟಿನ ಮೇಲೆ ತಗಡಿನ ಮುಸುಕು ಹಾಕದೆ ಫ್ಯೂಸು ಮರಳಿ ಹಾಕಬೇಡಿ. ಹಳೇ ಮುಸುಕು ಕಳೆದುಹೋಗಿದ್ದರೆ ಎಣ್ಣೆ ಡಬ್ಬಿಯ ತಗಡಿನಿಂದ ಒಂದು ಗಂಟೆಯ ಕೆಲಸ. ಮೇವು ಕೊಡಲು ನಿಲ್ಲುವವರು ಸೆರಗು, ಟವಲು ಬಿಗಿಯಾಗಿ ಕಟ್ಟಿಕೊಂಡಿರಲಿ, ಮಕ್ಕಳು ದೂರ ಇರಲಿ.