ಕಾರು ನಮ್ಮದು, ಪ್ಲಗ್ ಪಾಯಿಂಟ್ ಯಾರದು?

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಊರಿನ ಮನೆಗೆ ಅಂಗಳವಿದೆ. ಜಗಲಿಯಿಂದ ಒಂದು ವಯರ್ ಎಳೆದರೆ ಕಾರು ಚಾರ್ಜ್ ಆದೀತು, ಕೇಳುವವರಿಲ್ಲ. ಮುಂಬಯಿಯಲ್ಲಿ ನಮ್ಮ ಮನೆ ಹನ್ನೊಂದನೇ ಮಹಡಿಯಲ್ಲಿ, ಕಾರು ಕೆಳಗೆ ಕಂಬಗಳ ನಡುವೆ. ಎಲೆಕ್ಟ್ರಿಕ್ ಕಾರು ಬೇಕೆನ್ನುವ ಎಷ್ಟೋ ಹೆಣ್ಣುಮಕ್ಕಳು ಇದೊಂದೇ ಕಾರಣಕ್ಕೆ ಸುಮ್ಮನಾಗಿದ್ದಾರೆ.

ಹೊರಗಿನ ಚಾರ್ಜಿಂಗ್ ಸ್ಟೇಷನ್ ಇದೆಯಲ್ಲ ಎನ್ನುತ್ತಾರೆ. ಇದೆ, ನಿಜ. ಆದರೆ ಕೆಲಸ ಮುಗಿಸಿ ರಾತ್ರಿ ಹತ್ತೂವರೆಗೆ ಬರುವ ಹುಡುಗಿ ಜನವಿಲ್ಲದ ಮೂಲೆಯಲ್ಲಿ ಒಂದು ಗಂಟೆ ಕಾಯಬೇಕೇ? ನನ್ನ ಮಟ್ಟಿಗೆ ಇದು ಮೊದಲು ಸುರಕ್ಷತೆಯ ಪ್ರಶ್ನೆ, ದುಡ್ಡಿನ ಪ್ರಶ್ನೆ ಆಮೇಲೆ.

ಹಾಗಂತ ದುಡ್ಡಿನ ಲೆಕ್ಕವನ್ನೂ ಬಿಡುವುದು ಬೇಡ. ದಿನಕ್ಕೆ 30 ಕಿಲೋಮೀಟರ್ ಓಡಾಟ ಎಂದುಕೊಳ್ಳಿ. ಸಾಧಾರಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಆರೇಳು ಕಿಲೋಮೀಟರ್ ಹೋಗುತ್ತದೆ, ಅಂದರೆ ದಿನಕ್ಕೆ 5 ಯೂನಿಟ್ ಸಾಕು. ಗೀಸರ್‌ಗೆ ಹಾಕುವಂಥ 15 ಆಂಪಿಯರ್ ಸಾಕೆಟ್ ಸುಮಾರು 3 ಕಿಲೋವ್ಯಾಟ್ ಕೊಡುತ್ತದೆ. ಎರಡು ಗಂಟೆಯೊಳಗೆ ನಮ್ಮ ಕೆಲಸ ಮುಗಿಯಿತು. ಯೂನಿಟ್‌ಗೆ 12 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 2 ರೂಪಾಯಿ ಆಸುಪಾಸು. ಪೆಟ್ರೋಲ್ ಕಾರಿಗೆ ಏಳು ರೂಪಾಯಿ ಬೀಳುತ್ತದೆ. ದುಬಾರಿ ಚಾರ್ಜರ್ ಎಲ್ಲರಿಗೂ ಬೇಕಾಗಿಲ್ಲ. ಬೇಕಾದ್ದು ನಮ್ಮ ಕಾರು ನಿಲ್ಲುವಲ್ಲಿ ಒಂದು ಗಟ್ಟಿ ಸಾಕೆಟ್.

ಅದಕ್ಕೆ ಅಡ್ಡಿ ಏನು? ಪಾರ್ಕಿಂಗ್ ಜಾಗ. ಬಿಲ್ಡರ್‌ಗೆ ಲಕ್ಷಗಟ್ಟಲೆ ಕೊಟ್ಟಿದ್ದೇವೆ, ಜಾಗ ನಮ್ಮದೇ ಎಂದು ಹಲವರು ತಿಳಿದಿದ್ದಾರೆ. ಮುಂಬಯಿಯ ನಹಾಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗ್ ಸಾಮಾನ್ಯ ಜಾಗ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ. ಆದ್ದರಿಂದ ಸೊಸೈಟಿಯನ್ನು ಬಿಟ್ಟು ನಾವು ಗೋಡೆಗೆ ಮೊಳೆಯನ್ನೂ ಹೊಡೆಯುವಂತಿಲ್ಲ. ಹಾಗೆಂದು ನಮ್ಮ ಕೈ ಬರಿದಲ್ಲ. ಇರುವ ವಿದ್ಯುತ್ ಸಂಪರ್ಕದಿಂದಲೇ ಮನೆಯಲ್ಲಿ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತು. 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದುಪಡಿಯಾಗಿ, ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಪಡೆಯುವ ಅವಕಾಶವೂ ಬಂತು.

ದಾರಿಗಳು ಮೂರು. ಮೊದಲನೆಯದು, ನಮ್ಮದೇ ಮೀಟರಿನಿಂದ ವಯರ್. ಬಹುತೇಕ ಕಟ್ಟಡಗಳಲ್ಲಿ ಮೀಟರ್ ರೂಮ್ ಕೆಳಗೇ ಇರುವುದರಿಂದ ಹನ್ನೊಂದನೇ ಮಹಡಿಯಿಂದ ಎಳೆಯಬೇಕಾಗಿಲ್ಲ. ಆದರೆ ಮನೆಯ ಬಿಲ್ಲು ಮೇಲಿನ ಸ್ಲ್ಯಾಬಿಗೆ ಏರಬಹುದು. ಎರಡನೆಯದು, ಬೇರೆ ಮೀಟರ್. ಬಿಲ್ಲು ಬೇರೆ, ಲೆಕ್ಕ ಸ್ಪಷ್ಟ. ಮೂರನೆಯದು, ಸೊಸೈಟಿಯೇ ಹಾಕಿಸುವ ಸಾಮೂಹಿಕ ಚಾರ್ಜರ್. ಬಳಸಿದವರು ಬಳಸಿದಷ್ಟಕ್ಕೆ ಹಣ ಕೊಡುತ್ತಾರೆ. ಗೊತ್ತಾದ ಜಾಗವಿಲ್ಲದೆ ಸಿಕ್ಕಲ್ಲಿ ಕಾರು ನಿಲ್ಲಿಸುವವರಿಗೆ ಇದೇ ಒಳ್ಳೆಯದು. ಚಾಳುಗಳಲ್ಲಿರುವವರಿಗೆ, ರಸ್ತೆ ಬದಿ ನಿಲ್ಲಿಸುವವರಿಗೆ ಇವು ಮೂರೂ ಕಷ್ಟವೇ. ಅವರು ಆಫೀಸಿನಲ್ಲಿ ಚಾರ್ಜಿಂಗ್ ಸೌಲಭ್ಯ ಕೇಳಬಹುದು. ಬ್ಯಾಟರಿ ಕಳಚಿ ಮನೆಗೆ ಒಯ್ಯುವ ಸ್ಕೂಟರ್‌ಗಳೂ ಬಂದಿವೆ.

ಇನ್ನು ಕಮಿಟಿಯವರ ಮಾತು. "ಬೆಂಕಿ ಬಿದ್ದರೆ ಯಾರು ಹೊಣೆ?" ಈ ಪ್ರಶ್ನೆಗೆ ನಗಬೇಡಿ. ಮೇಲಿನ ಮನೆಯ ಅಜ್ಜಿಗೆ ಹೆದರುವ ಹಕ್ಕಿದೆ. ಉತ್ತರ ಕಾಗದದಲ್ಲಿರಲಿ: ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಕೆಲಸ, ಕಾರಿಗೆಂದೇ ಬೇರೆ ಲೈನು, ಅದಕ್ಕೆ ತಕ್ಕ ದಪ್ಪದ ತಾಮ್ರದ ತಂತಿ, ಎಂಸಿಬಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಪ್ಲಗ್ ಕೈಗೆ ಬಿಸಿ ತಾಗಿದರೆ ಅಂದೇ ನಿಲ್ಲಿಸಬೇಕು. ನಿಜ ಹೇಳಬೇಕೆಂದರೆ, ಅನುಮತಿ ಸಿಗದೆ ಕಿಟಕಿಯಿಂದ ವಯರ್ ಇಳಿಬಿಡುವುದೇ ಕಟ್ಟಡಕ್ಕೆ ಹೆಚ್ಚು ಅಪಾಯ. ಈ ಮಾತನ್ನು ಕಮಿಟಿಗೆ ಮನವರಿಕೆ ಮಾಡಿಕೊಡಿ.

"ಎಲ್ಲರೂ ಹಾಕಿಸಿದರೆ ಲೋಡ್ ತಡೆಯುತ್ತದೆಯೇ?" ಇದೂ ನ್ಯಾಯವಾದ ಪ್ರಶ್ನೆ. ಮೂವತ್ತು ಕಾರು ರಾತ್ರಿ ಎಂಟಕ್ಕೆ ಒಟ್ಟಿಗೆ ಚಾರ್ಜ್‌ಗೆ ನಿಂತರೆ 90 ಕಿಲೋವ್ಯಾಟ್ ಬೇಕು. ಎಸಿ, ಲಿಫ್ಟ್, ಪಂಪ್ ಎಲ್ಲ ನಡೆಯುವ ಹೊತ್ತು ಅದು. ಅದೇ ಮಧ್ಯರಾತ್ರಿಯ ನಂತರ ಸರದಿಯಲ್ಲಿ ಹಾಕಿದರೆ ಹೊರೆ ಹಗುರ. ಅದಕ್ಕೇ ಒಬ್ಬೊಬ್ಬರಾಗಿ ಜಗಳವಾಡುವ ಬದಲು ನಾಲ್ಕು ಮನೆಯವರು ಸೇರಿ, ಇಡೀ ಕಟ್ಟಡಕ್ಕೆ ಒಂದು ಯೋಜನೆ ಕೇಳಿ. ಮೊದಲು ಬಂದ ಇಬ್ಬರಿಗೆ ಸಾಕೆಟ್, ಮೂರನೆಯವರಿಗೆ ಇಲ್ಲ ಎಂದಾಗಬಾರದು.

ಕೊನೆಯದಾಗಿ ನಮ್ಮ ವಿಷಯ. ಫ್ಲ್ಯಾಟಿನ ಕಾಗದದಲ್ಲಿ ನಮ್ಮ ಹೆಸರಿರುತ್ತದೆ. ಸಭೆಗೆ ಹೋಗುವವರು ಯಜಮಾನರು. ಮಹಾರಾಷ್ಟ್ರದಲ್ಲಿ ಸೊಸೈಟಿಗಳ ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಈ ಸಲ ನೀವೂ ಹೋಗಿ. ಅದಕ್ಕೂ ಮೊದಲು ಅರ್ಜಿ ಬರೆದು, ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಕೇಳಿ, ಪ್ರತಿಗೆ ಸೆಕ್ರೆಟರಿಯ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ "ನೋಡೋಣ" ವರ್ಷಗಟ್ಟಲೆ ನೋಡುತ್ತಲೇ ಇರುತ್ತದೆ. ಬರೆದುಕೊಟ್ಟ ಅರ್ಜಿಗೆ ಉತ್ತರ ಕೇಳಬಹುದು.

ಅರ್ಜಿ ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ಬರೆಯಲು ಸಹಾಯ ಬೇಕಾದವರು ಸಭೆ ಮುಗಿದ ಮೇಲೆ ಇಲ್ಲೇ ಕುಳಿತುಕೊಳ್ಳೋಣ. ಕಾಗದ, ಪೆನ್ನು ತಂದಿದ್ದೇನೆ.