ಮೂರನೇ ಮೀಟರು ಯಾಕೆ?

ವಿಮಾನದ ಕಾಕ್‌ಪಿಟ್ ಫೋಟೋ ನೋಡಿದರೆ ಯಾರಿಗಾದರೂ ತಲೆ ತಿರುಗತ್ತೆ. ಎಲ್ಲಿ ನೋಡಿದರೂ ಸ್ವಿಚ್ಚು, ಲೈಟು, ಮೀಟರು. ಆದರೆ ಪೈಲಟ್ ಪದೇ ಪದೇ ಕಣ್ಣು ಹಾಯಿಸೋದು ಮುಖ್ಯವಾಗಿ ಆರು ಸಂಗತಿಗಳ ಮೇಲೆ. ವೇಗ ಎಷ್ಟು, ಎತ್ತರ ಎಷ್ಟು, ಏರ್ತಾ ಇದೀವಾ ಇಳೀತಾ ಇದೀವಾ, ಯಾವ ದಿಕ್ಕು, ಎಷ್ಟು ಬೇಗ ತಿರುಗ್ತಿದೀವಿ, ಕೊನೆಯದಾಗಿ, ವಿಮಾನ ನೆಟ್ಟಗಿದೆಯಾ ವಾಲಿದೆಯಾ. ಕೈಯಲ್ಲಿರೋದು ಯೋಕ್: ಎಳೆದರೆ ಮೂತಿ ಮೇಲೇಳತ್ತೆ, ತಿರುಗಿಸಿದರೆ ರೆಕ್ಕೆ ವಾಲತ್ತೆ. ಕಾಲಡಿ ರಡ್ಡರ್ ಪೆಡಲ್. ಪಕ್ಕದಲ್ಲಿ ಎಂಜಿನ್ ಶಕ್ತಿಗೆ ಥ್ರಾಟಲ್.

ನಾನು ಹೇಳಬೇಕು ಅಂದ್ಕೊಂಡಿರೋದು ಆ ಆರನೆಯದರ ಬಗ್ಗೆ. ಮೇಲೆ ನೀಲಿ, ಅಂದ್ರೆ ಆಕಾಶ. ಕೆಳಗೆ ಕಂದು, ಅಂದ್ರೆ ನೆಲ. ನಡುವಿನ ಗೆರೆಯೇ ದಿಗಂತ. ಕಿಟಕಿ ಇದೆಯಲ್ಲ, ಇದು ಯಾಕೆ ಅಂತ ಕೇಳಬಹುದು. ಕತ್ತಲಲ್ಲಿ, ಮೋಡದಲ್ಲಿ ಕಿಟಕಿಯಿಂದ ಏನೂ ಕಾಣಲ್ಲ. ಇನ್ನು ಮೈಯನ್ನು ನಂಬೋಣ ಅಂದ್ರೆ, ವಿಮಾನ ನಿಧಾನವಾಗಿ ವಾಲಿದರೆ ಒಳಕಿವಿಗೆ ಅದು ಗೊತ್ತೇ ಆಗಲ್ಲ. ಪೈಲಟ್ ಎಷ್ಟೇ ಅನುಭವಿ ಆಗಿರಲಿ, ಕಿವಿ ಎಲ್ಲರಿಗೂ ಒಂದೇ.

1978ರ ಜನವರಿ 1, ರಾತ್ರಿ. ಏರ್ ಇಂಡಿಯಾದ ಬೋಯಿಂಗ್ 747 ‘ಎಂಪರರ್ ಅಶೋಕ’ ಮುಂಬೈಯಿಂದ ದುಬೈಗೆ ಹೊರಟಿತು. ಒಳಗೆ 213 ಜನ. ಕೆಳಗೆ ಅರಬ್ಬಿ ಸಮುದ್ರ, ಬರೀ ಕತ್ತಲು. ವಿಮಾನ ಸ್ವಲ್ಪ ಬಲಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಕ್ಯಾಪ್ಟನ್ ಮುಂದಿದ್ದ ದಿಗಂತದ ಮೀಟರು ಮಾತ್ರ ಇನ್ನೂ ಬಲಕ್ಕೇ ವಾಲಿದೆ ಅಂತ ತೋರಿಸ್ತಾ ಇತ್ತು. ಅವರು ಸರಿಪಡಿಸೋಕೆ ಎಡಕ್ಕೆ ತಿರುಗಿಸಿದರು. ಮೀಟರು ಅಲ್ಲಾಡಲಿಲ್ಲ. ಇನ್ನಷ್ಟು ಎಡಕ್ಕೆ. ನೆಟ್ಟಗಿದ್ದ ವಿಮಾನ ಎಡಕ್ಕೆ ಉರುಳಿ ಸಮುದ್ರಕ್ಕೆ ಬಿತ್ತು. ಹಾರಿ ಎರಡು ನಿಮಿಷವೂ ಆಗಿರಲಿಲ್ಲ. ಒಬ್ಬರೂ ಉಳಿಯಲಿಲ್ಲ.

ಮೀಟರು ಕೈಕೊಟ್ಟಿತು, ವಿಮಾನ ಬಿತ್ತು ಅಂತ ಬ್ರೇಕಿಂಗ್ ನ್ಯೂಸ್ ಹಾಕಬಹುದು. ಅದು ಅರ್ಧ ಸತ್ಯ. ಅದೇ ಕಾಕ್‌ಪಿಟ್‌ನಲ್ಲಿ ಅಂಥದೇ ಇನ್ನೂ ಎರಡು ಮೀಟರು ಇದ್ದವು: ಒಂದು ಕೋ-ಪೈಲಟ್ ಮುಂದೆ, ಇನ್ನೊಂದು ನಡುವೆ, ಚಿಕ್ಕದು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ‘ಅದನ್ನ ನಂಬಬೇಡಿ’ ಅನ್ನೋ ಅರ್ಥದಲ್ಲಿ ಎಚ್ಚರಿಸಿದ್ದೂ ರೆಕಾರ್ಡ್ ಆಗಿದೆ. ಅಷ್ಟರಲ್ಲಿ ಹೊತ್ತು ಮೀರಿತ್ತು. ಕ್ಯಾಪ್ಟನ್‌ಗೆ ವಿಮಾನದ ವಾಲು ತಿಳಿಯಲೇ ಇಲ್ಲ, ಸಿಬ್ಬಂದಿ ಉಳಿದ ಮೀಟರುಗಳನ್ನು ನೋಡಿ ಹತೋಟಿಗೆ ತರಲಿಲ್ಲ ಅಂತಲೇ ತನಿಖೆ ಹೇಳಿತು.

ಕ್ಯಾಪ್ಟನ್‌ನ ಬೈಯೋದು ಸುಲಭ. ಆದರೆ ನೋಡಿ, ಪೈಲಟ್‌ಗೆ ವರ್ಷಗಟ್ಟಲೆ ಕಲಿಸೋದೇ ‘ಮೈ ಹೇಳೋದನ್ನ ನಂಬಬೇಡ, ಮೀಟರನ್ನ ನಂಬು’ ಅಂತ. ಅದೇ ಮೀಟರು ಸುಳ್ಳು ಹೇಳ್ತಿದೆ ಅಂತ ಕತ್ತಲಲ್ಲಿ, ಕೆಲವೇ ಸೆಕೆಂಡಲ್ಲಿ ಹೇಗೆ ಗೊತ್ತಾಗಬೇಕು? ಪಕ್ಕದ್ದರ ಜೊತೆ ಹೋಲಿಸಿಯೇ. ಎರಡೇ ಇದ್ದರೆ ಯಾವುದು ಸರಿ ಅನ್ನೋ ಜಗಳ ಮುಗಿಯಲ್ಲ. ಮೂರಿದ್ದರೆ ಬಹುಮತ ಸಿಗತ್ತೆ. ಎಂಜಿನಿಯರುಗಳು ಮೂರನೆಯದನ್ನ ಇಡೋದು ಅದಕ್ಕೇ.

ಇವತ್ತು ದೊಡ್ಡ ವಿಮಾನಗಳಲ್ಲಿ ಹಳೇ ಮೀಟರುಗಳು ಹೋಗಿ ಬಣ್ಣದ ಸ್ಕ್ರೀನ್‌ಗಳು ಬಂದಿವೆ. ಆದರೂ ಆ ಸ್ಕ್ರೀನ್‌ಗಳ ನಡುವೆ ಒಂದು ಪುಟ್ಟ ಚೌಕ ಇರತ್ತೆ. ಅದೇ ನೀಲಿ, ಅದೇ ಕಂದು. ಉಳಿದ ಸ್ಕ್ರೀನೆಲ್ಲ ಆರಿಹೋದರೂ ಅದು ಬ್ಯಾಟರಿಯಲ್ಲಿ ಉರೀತಾ ಇರತ್ತೆ.