ಕೂಸು ಹುಟ್ಟುವ ಮುಂಚೆ ಕುಲಾವಿ

(ದಾವಣಗೆರೆ ಮತ್ತು ಹರಿಹರದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ' ಎಂಬ ಗಾದೆ ನಿಮಗೆಲ್ಲ ಗೊತ್ತು. ಅವಸರ ಮಾಡುವವರನ್ನು ಕಂಡು ನಗಲಿಕ್ಕೆ ಹೇಳುವ ಮಾತು ಅದು. ಆದರೆ ಬಸುರಿ ಹೆಣ್ಣುಮಕ್ಕಳ ಕೈಗೆ ಉಲ್ಲನ್ ಉಂಡೆ, ಕ್ರೋಶಾ ಕಡ್ಡಿ ಕೊಡೋಣ ಎಂದು ಸಂಘದಲ್ಲಿ ಮಾತೆತ್ತಿದರೆ, ಹಿರಿಯರೊಬ್ಬರು ಇದೇ ಗಾದೆ ಹೇಳ್ತಾರೆ. ಆಗ ಮಾತ್ರ ಯಾರೂ ನಗುವುದಿಲ್ಲ.

ಅವರನ್ನು ಮೂಢನಂಬಿಕೆಯವರು ಎಂದು ನಾವು ಬಯ್ಯೋದಿಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಹೊಲಿದಿಟ್ಟ ಕುಲಾವಿ ಪೆಟ್ಟಿಗೆಯಲ್ಲೇ ಉಳಿದ ಮನೆಗಳು ಎಷ್ಟಿದ್ದವೋ! ಅದನ್ನು ಕಂಡ ಅತ್ತೆ, ಅಜ್ಜಿಯರು 'ಮೊದಲು ಕೂಸು ಬರಲಿ, ಹಳೇ ಸೀರೆ ಸಾಕು' ಅಂದದ್ದು ನೋವಿನಿಂದ. 2020ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಆ ಸಂಖ್ಯೆ ಸಾವಿರಕ್ಕೆ 19ಕ್ಕೆ ಇಳಿದಿತ್ತು. ಕಾಲ ಬದಲಾಗಿದೆ, ಭಯ ಮಾತ್ರ ಅಷ್ಟು ಬೇಗ ಇಳಿಯೋದಿಲ್ಲ.

ಹಾಗಿದ್ದರೂ ಕುಲಾವಿ ಏಕೆ ಮೊದಲೇ ಬೇಕು ಕೇಳಿ. ಹುಟ್ಟಿದ ಕೂಸಿನ ಮೈಯಲ್ಲಿ ತಲೆಯ ಪಾಲೇ ದೊಡ್ಡದು, ಒದ್ದೆ ತಲೆಯಿಂದ ಶಾಖ ಬೇಗ ಹೋಗುತ್ತೆ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ್ದಾದರಂತೂ ಮೈ ತಣ್ಣಗಾಗುವುದೇ ಅಪಾಯ. ಕೂಸನ್ನು ಒರೆಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ತಲೆಗೆ ಟೋಪಿ ಹಾಕಬೇಕು. ಸ್ನಾನಕ್ಕೆ ಒಂದು ದಿನ ಕಳೆಯಲಿ. ಟೋಪಿ ಬೇಕಾಗುವುದು ಆ ಮೊದಲ ಗಳಿಗೆಯಲ್ಲೇ, ನಾಮಕರಣದ ದಿನ ಅಲ್ಲ. ಸರ್ಕಾರ 2007ರಲ್ಲಿ ಶುರುಮಾಡಿದ ಮಡಿಲು ಕಿಟ್‌ನಲ್ಲಿ ಕೂಸಿಗೆ ಸ್ವೆಟರ್, ಟೋಪಿ, ಕಾಲುಚೀಲ ಸೇರಿಸಿದ್ದು ಸುಮ್ಮನೆ ಅಲ್ಲ.

ಇನ್ನು ಗಾದೆಗೆ ಏನು ಮಾಡೋಣ? ನಮಗೆ ತೋಚಿದ ದಾರಿ ಇದು. 'ನನ್ನ ಕೂಸಿಗೆ' ಎಂದು ಯಾರೂ ಹೆಣೆಯುವುದು ಬೇಡ, ಸಂಘದ ಬುಟ್ಟಿಗೆ ಹೆಣೆಯೋಣ. ಯಾರ ಮನೆಯಲ್ಲಿ ಮೊದಲು ಹೆರಿಗೆಯೋ ಅವರಿಗೆ ಬುಟ್ಟಿಯಿಂದ ಒಂದು ಟೋಪಿ. ಆಗ ಅತ್ತೆಯ ಮನಸ್ಸಿಗೂ ಕಸಿವಿಸಿ ಇಲ್ಲ. ಹಿಂದೆ ಕೂಸು ಕಳಕೊಂಡ ತಂಗಿ ಮತ್ತೆ ಬಸುರಾಗಿದ್ದರೆ ಅವಳನ್ನು ಒತ್ತಾಯ ಮಾಡಬೇಡಿ. ಅವಳು ಬರೀ ಉಂಡೆ ಸುತ್ತಿಕೊಟ್ಟರೂ ಸಾಕು, ಸುಮ್ಮನೆ ಪಕ್ಕದಲ್ಲಿ ಕೂತರೂ ಸಾಕು. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಹೆಂಗಸರೆಲ್ಲ ಸೇರಿ ಕ್ರೋಶಾ ತುಂಡುಗಳನ್ನು ಜೋಡಿಸಿ 11,000 ಚದರ ಮೀಟರಿಗೂ ದೊಡ್ಡ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಒಬ್ಬೊಬ್ಬರು ಹೆಣೆದದ್ದು ಸಣ್ಣ ತುಂಡೇ. ನಮಗೆ ದಾಖಲೆ ಬೇಡ, ಬುಟ್ಟಿ ತುಂಬಿದರೆ ಆಯ್ತು.

ಕಲಿಯದವರಿಗೆ ಸುಲಭದ ಲೆಕ್ಕ: ಒಂದೂವರೆ ಗೇಣು ಉದ್ದ, ಮುಕ್ಕಾಲು ಗೇಣು ಅಗಲದ ಒಂದು ಪಟ್ಟಿ ಹೆಣೆಯಿರಿ. ಎರಡು ತುದಿ ಸೇರಿಸಿ ಹೊಲಿಯಿರಿ. ಮೇಲ್ಭಾಗಕ್ಕೆ ದಾರ ಪೋಣಿಸಿ ಜಗ್ಗಿ, ಗಟ್ಟಿ ಗಂಟು ಹಾಕಿ ಒಳಗೆ ಮುಚ್ಚಿ. ಟೋಪಿ ತಯಾರು. 50 ಗ್ರಾಂ ಉಂಡೆ ಸಾಕು. ಗಲ್ಲದ ಕೆಳಗೆ ಕಟ್ಟುವ ಉದ್ದ ಲಾಡಿ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಮಣಿ, ಗುಂಡಿಯೂ ಬೇಡ, ಕಿತ್ತು ಬಂದರೆ ಕೂಸಿನ ಬಾಯಿಗೇ ಹೋಗೋದು.

ದಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ತೊಳೆಯಲು ಸುಲಭ, ಬೆಲೆಯೂ ಕಮ್ಮಿ. ಆದರೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಲೋಬಾನದ ಹೊಗೆ ಹಾಕುವ ರೂಢಿ ನಮ್ಮಲ್ಲಿ ಇದೆಯಲ್ಲ, ಯೋಚನೆ ಮಾಡಿ. (ಆ ಹೊಗೆ ಕೂಸಿನ ಎಳೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದನ್ನು ಬಿಟ್ಟರೇ ಲೇಸು.) ಕುರಿ ಉಣ್ಣೆಯ ಕಂಬಳಿ ನೂಲು ಒರಟು, ಎಳೇ ಚರ್ಮಕ್ಕೆ ಚುಚ್ಚುತ್ತೆ. ಹತ್ತಿ ದಾರವೇ ಒಳ್ಳೆಯದು. ಹತ್ತಿ ಗಿರಣಿಗಳಿಂದಲೇ ಹೆಸರಾದ ಊರು ನಮ್ಮ ದಾವಣಗೆರೆ, ಹತ್ತಿಯ ಗುಣ ನಿಮಗೆ ಹೇಳಿಕೊಡಬೇಕೇ? ಏಪ್ರಿಲ್ ಬಿಸಿಲಲ್ಲಿ ಹುಟ್ಟಿದ ಕೂಸಿನ ಕುತ್ತಿಗೆ ಮುಟ್ಟಿ ನೋಡಿ, ಬೆವರಿದ್ದರೆ ಟೋಪಿ ತೆಗೆಯಿರಿ.

ಬೀಡಿ ಕಟ್ಟುವ ಸಹೋದರಿಯರಿಗೆ ಒಂದು ಮಾತು. ತಂಬಾಕಿನ ಮೊರ ಇರುವ ಜಾಗದಲ್ಲಿ ದಾರ ಇಡಬೇಡಿ, ಧೂಳು ದಾರದೊಳಗೆ ಕೂರುತ್ತೆ. ಅದೇ ಧೂಳು ನಿಮ್ಮ ಉಸಿರಲ್ಲೂ ಹೋಗ್ತಿದೆ, ಹೊಟ್ಟೆಯ ಕೂಸಿಗೂ ಅದು ಒಳ್ಳೆಯದಲ್ಲ. 'ಬೀಡಿ ಬಿಟ್ಟು ಟೋಪಿ ಹೆಣೀರಿ' ಎಂದು ಹೇಳುವುದು ನಮಗೆ ಸುಲಭ, ಮನೆ ನಡೆಸುವವರು ನೀವು. ಟೋಪಿ ಮಾರಿ ಆ ಕೂಲಿ ಹುಟ್ಟೋದಿಲ್ಲ. ಲೂಧಿಯಾನದ ಮಿಷನ್ ಮಾಲಿನ ಬೆಲೆಗೆ ಕೈಕೆಲಸ ನಿಲ್ಲೋದಿಲ್ಲ. ಅದಕ್ಕೇ ಕೇಳ್ತೀವಿ: ಕೊನೆಯ ಮೂರು ತಿಂಗಳು ಅವಳಿಗೆ ಸಂಘದ ಉಳಿತಾಯದಿಂದ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡಬಹುದೇ? ಮಂಡಕ್ಕಿ ಭಟ್ಟಿಯ ಉರಿಯಲ್ಲಿ ನಿಲ್ಲುವವರಿಗೂ ಇದೇ ಮಾತು. ಇದನ್ನು ಇವತ್ತೇ ಚರ್ಚೆ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಕುಬಸ ಮುಗಿಸಿ ತವರಿಗೆ ಬಂದ ಹುಡುಗಿಗೆ ದಿನ ಉದ್ದ, ರಾತ್ರಿ ಇನ್ನೂ ಉದ್ದ. ನೋವು ಹೇಗೆ ಬರುತ್ತೋ, ಕೂಸು ಹೇಗಿರುತ್ತೋ ಎಂಬ ಚಿಂತೆ. ಕೈಗೆ ಕೆಲಸ ಇದ್ದರೆ ಬಾಯಿ ತೆರೆಯುತ್ತೆ. ಎದುರೆದುರು ಕೂತು ಕೇಳಿದರೆ ಹೇಳದ್ದನ್ನು ಹೆಣೆಯುತ್ತಾ ಹೇಳ್ತಾಳೆ. ಜೊತೆಯಲ್ಲಿ ಕೂತವರು ಕಿವಿಗೊಡಿ. 'ತಲೆ ಸಿಡೀತಿದೆ, ಕಣ್ಣು ಮಂಜಾಗಿದೆ' ಅಂದರೆ, ರಕ್ತ ಕಂಡರೆ, ನೀರು ಹೋದರೆ, 'ಇವತ್ತು ಕೂಸು ಮಿಸುಕಾಡಿಲ್ಲ' ಅಂದರೆ ಸಾಲು ಮುಗಿಸಲು ಕಾಯಬೇಡಿ. ಕಡ್ಡಿ ಕೆಳಗಿಡಿ, 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಹಿಡಿದು ಹೊರಡಿ.

ಅರ್ಧ ಗಂಟೆಗೊಮ್ಮೆ ಅವಳನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ, ಕಾಲು ಬಾತುಕೊಳ್ಳದಂತೆ ಕಾಲ ಕೆಳಗೆ ಮಣೆ ಕೊಡಿ. ದಾರದ ಉಂಡೆಗಳನ್ನು ಮುಂದಿನ ವಾರದ ಸಭೆಗೆ ನಾವು ತರ್ತೀವಿ. ಕ್ರೋಶಾ ಬಲ್ಲ ಹಿರಿಯರು ನಿಮ್ಮ ಹಳೆಯ ಕಡ್ಡಿಗಳನ್ನು ತನ್ನಿ. ಗಾದೆ ಹೇಳಿದ ಅಜ್ಜಿಯನ್ನೂ ಕರೆತನ್ನಿ, ಕುಲಾವಿ ಹೊಲಿಯುವ ಕೈ ಅವರದ್ದೇ.